ಬಣ್ಣ, ಅಕ್ಷರ, ಅಂತರಂಗ: ಅಮೂರ್ತ ಚಿತ್ರದಲ್ಲಿ ಕೈಬರಹದ ಸ್ಥಾನ

1

ಅಮೂರ್ತ ಚಿತ್ರಕಲೆಯ ಮೇಲೆ ನಮ್ಮ ಕಾಲೇಜುಗಳ ಆವರಣದಲ್ಲಿ ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪವೊಂದುಂಟು: ಅದು ಮಾತನಾಡುವುದಿಲ್ಲ ಎಂಬುದು. ಅಲ್ಲಿ ಮನುಷ್ಯನಿಲ್ಲ, ಮರವಿಲ್ಲ, ಕಥೆಯಿಲ್ಲ. ಬಣ್ಣದ ಮೇಲೆ ಬಣ್ಣ ಹರಡಿರುತ್ತದೆ. ಚಿತ್ರಕಾರನ ಅಂತರಂಗದಲ್ಲಿ ಏನಿತ್ತೆಂಬುದು ನೋಡುವವನಿಗೆ ತಿಳಿಯುವ ಬಗೆಯಿಲ್ಲ. ಈ ಆಕ್ಷೇಪಕ್ಕೆ ಸಮಾಧಾನವೋ ಎಂಬಂತೆ ಕಳೆದ ಒಂದು ಶತಮಾನದಲ್ಲಿ ಹಲವು ಚಿತ್ರಕಾರರು ಬಣ್ಣದ ಹರವಿನ ನಡುವೆ ಕೈಯಿಂದ ಬರೆದ ಮಾತುಗಳನ್ನು ತಂದಿರಿಸಿದ್ದಾರೆ. ಬಣ್ಣವು ಮೌನವಾಗಿರುವೆಡೆಯಲ್ಲಿ ಮಾತು ಬಾಯ್ದೆರೆಯುತ್ತದೆ, ಆ ಮೂಲಕ ಚಿತ್ರಕಾರನ ಹೃದಯವೂ ತೆರೆದುಕೊಳ್ಳುತ್ತದೆ ಎಂದು ಇಂಥ ಚಿತ್ರಗಳ ಪರವಾಗಿ ವಾದಿಸುವವರುಂಟು. ಇದು ಎಷ್ಟರಮಟ್ಟಿಗೆ ನಿಜ? ಚಿತ್ರದೊಳಗೆ ಬಂದ ಅಕ್ಷರವು ಭಾವವನ್ನು ತೆರೆಯುತ್ತದೆಯೇ, ಅಥವಾ ತೆರೆದಂತೆ ತೋರಿಸಿ ಮುಚ್ಚುತ್ತದೆಯೇ? ಈ ಪ್ರಶ್ನೆಯನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲು ಯತ್ನಿಸುತ್ತೇವೆ.

ನಾವು ಇತಿಹಾಸವನ್ನು ಬೋಧಿಸುವವರು. ಚಿತ್ರವಿಮರ್ಶೆಯಲ್ಲಿ ನಮಗೆ ವಿಶೇಷ ಅಧಿಕಾರವಿಲ್ಲ. ಆದರೆ ಹಳೆಯ ಬರಹವನ್ನು ಓದುವುದು ನಮ್ಮ ವೃತ್ತಿಯ ಭಾಗವಾಗಿದೆ. ಈ ವಿಚಾರ ನಮ್ಮಲ್ಲಿ ಹುಟ್ಟಿದ್ದೂ ಒಂದು ಬರಹದಿಂದಲೇ. ರಾಮದುರ್ಗ ತಾಲೂಕಿನ ಸಾಲಹಳ್ಳಿಗೆ ಹೋಗಿದ್ದಾಗ ಒಂದು ಮನೆಯ ಮುಂಗೋಡೆಯನ್ನು ನೋಡಿದೆವು. ಮದುವೆಯ ಕಾಲದಲ್ಲಿ ಮನೆಯ ಮುಂಭಾಗಕ್ಕೆ ಸುಣ್ಣ ಹಚ್ಚಿ, ಬಾಗಿಲಿನ ಪಕ್ಕದಲ್ಲಿ ವಧೂವರರ ಹೆಸರುಗಳನ್ನು ಬಣ್ಣದಿಂದ ಬರೆಸುವ ರೂಢಿ ನಮ್ಮ ಸೀಮೆಯಲ್ಲಿ ಎಲ್ಲರಿಗೂ ಪರಿಚಿತವಾದುದೇ. ಈ ಗೋಡೆಯ ಮೇಲಿನ ಹೆಸರುಗಳು ಅರ್ಧ ಶತಮಾನದಷ್ಟು ಹಿಂದಿನವು. ಕಾವಿಯ ಕೆಂಪು ಮಾಸಿ ಇಟ್ಟಿಗೆಯ ಪುಡಿಯಂತಾಗಿತ್ತು. ಬರೆದವನು ವೃತ್ತಿಯ ಬರಹಗಾರನಲ್ಲ; ಸಾಲು ಬಲಕ್ಕೆ ಹೋದಂತೆ ಕೆಳಗಿಳಿದಿತ್ತು. ವಧುವಿನ ಹೆಸರಿನಲ್ಲಿ ಒಂದು ಒತ್ತಕ್ಷರ ಮೊದಲು ಬಿಟ್ಟುಹೋಗಿ, ಆಮೇಲೆ ಇಕ್ಕಟ್ಟಿನಲ್ಲಿ ಕೆಳಗೆ ಸೇರಿಸಲ್ಪಟ್ಟಿತ್ತು. ಸುತ್ತಲಿನ ಗೋಡೆ ಅಚ್ಚಬಿಳುಪಾಗಿತ್ತು.

ವೃತ್ತಿಯ ಅಭ್ಯಾಸದಂತೆ ನಾವು ಮೊದಲು ಕೇಳಿದ ಪ್ರಶ್ನೆ, ಇದು ಯಾವ ಇಸವಿಯದು ಎಂಬುದು. ಮನೆಯ ಹಿರಿಯ ಹೆಣ್ಣುಮಗಳು ಅದಕ್ಕೆ ಉತ್ತರ ಕೊಡದೆ, “ಸುಣ್ಣಾ ಹಚ್ಚೂವಾಗ ಅದೊಂದ್ ಬಿಟ್ಟ ಹಚ್ಚತೀವ್ರಿ” ಎಂದಷ್ಟೇ ಹೇಳಿದರು. ಆಗ ನಾವು ಗೋಡೆಯನ್ನು ಎರಡನೆಯ ಸಲ ನೋಡಿದೆವು. ವರ್ಷವರ್ಷವೂ ಸುಣ್ಣದ ಕುಂಚ ಬಂದು ಆ ಹೆಸರುಗಳ ಅಂಚಿನಲ್ಲಿ ನಿಂತಿತ್ತು. ಪದರದ ಮೇಲೆ ಪದರವಾಗಿ ಬಿಳುಪು ಏರಿ, ಹಳೆಯ ಕೆಂಪು ತಗ್ಗಿನಲ್ಲಿ ಉಳಿದಿತ್ತು. ಪ್ರೀತಿಯೆಂದಾಗಲಿ ಅಗಲಿಕೆಯೆಂದಾಗಲಿ ಅಲ್ಲಿ ಯಾರೂ ಬರೆದಿರಲಿಲ್ಲ. ಆದರೂ ಆ ಗೋಡೆಯ ಮುಂದೆ ನಾವು ಇನ್ನೊಬ್ಬರ ಅಂತರಂಗದ ಹೊಸ್ತಿಲಲ್ಲಿ ನಿಂತಿದ್ದೇವೆಂಬುದರಲ್ಲಿ ನಮಗೆ ಸಂದೇಹವುಳಿಯಲಿಲ್ಲ. ಬಣ್ಣ ಮತ್ತು ಕೈಬರಹ ಸೇರಿ ಇದನ್ನು ಹೇಗೆ ಸಾಧಿಸಿದವು?

2

ಉತ್ತರವನ್ನು ಹುಡುಕುವ ಮುನ್ನ, ಎಲ್ಲಿ ಇದು ಸಾಧಿಸುವುದಿಲ್ಲ ಎಂಬುದನ್ನು ನೋಡಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಗಳೊಡನೆ ಒಂದು ಚಿತ್ರಪ್ರದರ್ಶನಕ್ಕೆ ಹೋಗಿದ್ದೆವು. ಕೆಂಪು ಮತ್ತು ಕಪ್ಪು ಬಣ್ಣಗಳನ್ನು ದಪ್ಪವಾಗಿ ಬಳಿದ ಒಂದು ದೊಡ್ಡ ಚಿತ್ರದ ನಡುವೆ ‘ನೋವು’ ಎಂಬ ಪದವನ್ನು ಬರೆದಿತ್ತು. ವಿದ್ಯಾರ್ಥಿಗಳು ಅದನ್ನು ಓದಿದರು, ತಲೆಯಾಡಿಸಿದರು, ಮುಂದೆ ನಡೆದರು. ಪಕ್ಕದಲ್ಲಿದ್ದ, ಯಾವ ಮಾತೂ ಇಲ್ಲದ ಬೂದುಬಣ್ಣದ ಚಿಕ್ಕ ಚಿತ್ರವೊಂದರ ಮುಂದೆ ಅವರೇ ಬಹಳ ಹೊತ್ತು ನಿಂತರು. ಕಾರಣವನ್ನು ಕೇಳಿದಾಗ ಒಬ್ಬ ವಿದ್ಯಾರ್ಥಿಯು, ಮೊದಲಿನದು ಓದಿ ಮುಗಿಯಿತು, ಇದು ಮುಗಿಯಲಿಲ್ಲ ಎಂದನು. ಈ ಉತ್ತರದಲ್ಲಿ ಒಂದು ಹಳೆಯ ಶಾಸ್ತ್ರವಿಚಾರ ಅಡಗಿದೆ.

ಭಾರತೀಯ ಕಾವ್ಯಮೀಮಾಂಸಕರು ರಸದೋಷಗಳನ್ನು ಎಣಿಸುವಾಗ ಸ್ವಶಬ್ದವಾಚ್ಯತೆ ಎಂಬುದೊಂದನ್ನು ಹೇಳುತ್ತಾರೆ. ರಸವನ್ನಾಗಲಿ ಸ್ಥಾಯಿಭಾವವನ್ನಾಗಲಿ ಅದರದೇ ಹೆಸರಿನಿಂದ ಹೇಳಿಬಿಡುವುದು ದೋಷ. ‘ಇದು ಕರುಣ’ ಎಂದು ಹೇಳಿದ ಮಾತ್ರಕ್ಕೆ ಕರುಣರಸ ಹುಟ್ಟದು. ರಸವು ವಾಚ್ಯವಲ್ಲ, ವ್ಯಂಗ್ಯ ಎಂಬ ಆನಂದವರ್ಧನನ ಸಿದ್ಧಾಂತವನ್ನು ಅನುಸರಿಸಿ ಮಮ್ಮಟನು ‘ಕಾವ್ಯಪ್ರಕಾಶ’ದ ಏಳನೆಯ ಉಲ್ಲಾಸದಲ್ಲಿ ಈ ದೋಷವನ್ನು ನಿರೂಪಿಸಿದ್ದಾನೆ. ಕೆಲವು ಕಡೆ ವ್ಯಭಿಚಾರಿಭಾವವನ್ನು ಹೆಸರಿಸುವುದು ದೋಷವಾಗದೆಂದು ಅವನು ವಿನಾಯಿತಿ ಕೊಟ್ಟಿರುವುದೂ ಉಂಟು. ಆದರೆ ಮೂಲತತ್ತ್ವಕ್ಕೆ ಅದರಿಂದ ಭಂಗವಿಲ್ಲ. 1953ರಲ್ಲಿ ಪ್ರಕಟವಾದ ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಓದಿದ ಕನ್ನಡ ವಿದ್ಯಾರ್ಥಿಗಳಿಗೆ ಈ ವಿಚಾರಸರಣಿ ಹೊಸದಲ್ಲ. ಅದನ್ನು ಚಿತ್ರಕ್ಕೆ ಅನ್ವಯಿಸಿ ನೋಡುವ ಅಭ್ಯಾಸ ಮಾತ್ರ ನಮ್ಮಲ್ಲಿ ಕಡಮೆ.

ಬಣ್ಣದ ಬಗೆಗೂ ಇದೇ ಎಚ್ಚರಿಕೆ ಅಗತ್ಯ. ಭರತನ ನಾಟ್ಯಶಾಸ್ತ್ರವು ಎಂಟು ರಸಗಳಿಗೆ ಎಂಟು ಬಣ್ಣಗಳನ್ನು ವಿಧಿಸಿದೆ: ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳುಪು, ಕರುಣಕ್ಕೆ ಪಾರಿವಾಳದ ಬೂದು, ರೌದ್ರಕ್ಕೆ ಕೆಂಪು, ವೀರಕ್ಕೆ ಗೌರ, ಭಯಾನಕಕ್ಕೆ ಕಪ್ಪು, ಬೀಭತ್ಸಕ್ಕೆ ನೀಲಿ, ಅದ್ಭುತಕ್ಕೆ ಹಳದಿ. ರಂಗಭೂಮಿಯ ಸಂಕೇತವಾಗಿ ಇದು ಉಪಯುಕ್ತವಾದ ಪಟ್ಟಿ. ಆದರೆ ಚಿತ್ರಕಾರನು ಕೋಪವೆಂದೊಡನೆ ಕೆಂಪನ್ನೂ ಭಯವೆಂದೊಡನೆ ಕಪ್ಪನ್ನೂ ಬಳಿದರೆ, ಅಲ್ಲಿ ಬಣ್ಣವೇ ಒಂದು ಪದವಾಗಿ, ಸ್ವಶಬ್ದವಾಚ್ಯತೆಯ ದೋಷ ಬಣ್ಣದಲ್ಲೇ ತಲೆದೋರುತ್ತದೆ. ಮೇಲೆ ಹೇಳಿದ ಚಿತ್ರದಲ್ಲಿ ಈ ದೋಷ ಇಮ್ಮಡಿಯಾಗಿತ್ತು: ಕೆಂಪು ಹೇಳಿದ್ದನ್ನೇ ಅಕ್ಷರ ಮತ್ತೆ ಹೇಳಿತು. ಹೀಗೆ ಭಾವಕ್ಕೆ ಹೆಸರಿನ ಚೀಟಿಯನ್ನು ಅಂಟಿಸುವುದು ಹೃದಯವನ್ನು ತೆರೆಯುವುದಲ್ಲ. ಹೆಸರು ಸಿಕ್ಕೊಡನೆ ನೋಡುವವನು ತನ್ನ ಕೆಲಸ ಮುಗಿಯಿತೆಂದು ತಿಳಿಯುತ್ತಾನೆ. ಬಾಗಿಲು ಅಲ್ಲಿಗೇ ಮುಚ್ಚುತ್ತದೆ.

3

ಹಾಗಾದರೆ ಚಿತ್ರದಲ್ಲಿ ಕೈಬರಹಕ್ಕೆ ಬೇರೆ ಯಾವ ಕೆಲಸವಿದೆ? ನಮ್ಮ ಉತ್ತರವನ್ನೂ ರಸಶಾಸ್ತ್ರದ ಪರಿಭಾಷೆಯಲ್ಲಿಯೇ ಹೇಳಬಯಸುತ್ತೇವೆ. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ ಎಂದು ಸಾತ್ತ್ವಿಕ ಭಾವಗಳು ಎಂಟು. ಒಳಗಿನ ಭಾವವು ತೀವ್ರವಾದಾಗ ಮೈಯಲ್ಲಿ ತಾವಾಗಿ ಮೂಡುವ ಚಿಹ್ನೆಗಳಿವು. ಇವುಗಳಲ್ಲಿ ಎರಡು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸುತ್ತವೆ. ವೇಪಥುವೆಂದರೆ ನಡುಕ, ವೈವರ್ಣ್ಯವೆಂದರೆ ಬಣ್ಣಗೆಡುವುದು. ನಡುಗುವುದು ಕೈ, ಬಣ್ಣಗೆಡುವುದು ಮುಖ. ಚಿತ್ರದಲ್ಲಿ ಕೈಬರಹವು ವೇಪಥುವಿನ ಸ್ಥಾನದಲ್ಲಿಯೂ ಬಣ್ಣವು ವೈವರ್ಣ್ಯದ ಸ್ಥಾನದಲ್ಲಿಯೂ ನಿಲ್ಲಬಲ್ಲವು ಎಂಬುದು ನಮ್ಮ ಪ್ರತಿಪಾದನೆ. ಬರೆದ ಪದವು ಏನನ್ನು ಹೇಳುತ್ತದೆ ಎಂಬುದಕ್ಕಿಂತ, ಅದನ್ನು ಬರೆಯುವಾಗ ಕೈಗೆ ಏನಾಯಿತು ಎಂಬುದು ಇಲ್ಲಿ ಮುಖ್ಯ.

ಇದಕ್ಕೆ ಒಂದು ಮಹತ್ತರ ನಿದರ್ಶನವನ್ನು ಚೀನಾದ ಇತಿಹಾಸ ಒದಗಿಸುತ್ತದೆ. ಟಾಂಗ್ ಕಾಲದ ಯೆನ್ ಝೆನ್‌ಚಿಂಗ್ ದೊಡ್ಡ ಅಧಿಕಾರಿ, ಪ್ರಸಿದ್ಧ ಲಿಪಿಕಾರ. 755ರಲ್ಲಿ ಎದ್ದ ಆನ್ ಲುಷಾನನ ದಂಗೆಯಲ್ಲಿ ಅವನ ಅಣ್ಣನ ಮಗ ಕೊಲೆಯಾದನು. 758ರಲ್ಲಿ ಯೆನ್ ಆ ಹುಡುಗನಿಗಾಗಿ ಶ್ರಾದ್ಧದಲ್ಲಿ ಓದಬೇಕಾದ ಲೇಖನದ ಕರಡನ್ನು ಬರೆದನು. ಅದು ಇಂದು ತೈಪೆಯ ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯದಲ್ಲಿದೆ. ಆರಂಭದ ಸಾಲುಗಳಲ್ಲಿ ಅಕ್ಷರಗಳು ಸ್ಥಿಮಿತವಾಗಿವೆ. ಮುಂದೆ ಹೋದಂತೆ ಅವು ಧಾವಿಸತೊಡಗುತ್ತವೆ. ಬರೆದುದನ್ನು ಹೊಡೆದು ಹಾಕಿ ಪಕ್ಕದಲ್ಲಿ ಮತ್ತೆ ಬರೆದಿದೆ. ಕುಂಚದಲ್ಲಿ ಮಸಿ ತೀರಿ ಗೆರೆಗಳು ಒಣಗಿ ಬೆಳ್ಳಗಾಗಿವೆ. ಚೀನೀ ಭಾಷೆಯನ್ನು ಅರಿಯದ ನಾವು ಅದರ ಪ್ರತಿಕೃತಿಯನ್ನು ನೋಡಿದಾಗಲೂ, ಎಲ್ಲಿ ಬರೆಯುವವನ ಉಸಿರು ತಪ್ಪಿತೆಂಬುದನ್ನು ಬೆರಳಿಟ್ಟು ತೋರಿಸಬಹುದು. ವೇಪಥು ಅಕ್ಷರದಲ್ಲಿದೆ, ವೈವರ್ಣ್ಯ ಒಣಗಿದ ಮಸಿಯಲ್ಲಿದೆ. ಅಂದವಾಗಿ ಮತ್ತೆ ಬರೆದ ಶುದ್ಧಪ್ರತಿಯಾಗಿದ್ದರೆ ಇದೆಲ್ಲ ನಮಗೆ ಕಾಣುತ್ತಿರಲಿಲ್ಲ.

ಹೊಡೆದು ಹಾಕಿದ ಗೆರೆ ಯಾವಾಗಲೂ ಭಾವವನ್ನು ತೆರೆಯುತ್ತದೆಯೆಂದು ಭಾವಿಸಲಾಗದು. ರವೀಂದ್ರನಾಥ ಠಾಕೂರರ ಉದಾಹರಣೆಯಿಂದ ಇದು ವಿಶದವಾಗುತ್ತದೆ. ಅವರು 1924ರ ಸುಮಾರಿಗೆ ‘ಪೂರಬಿ’ ಸಂಕಲನದ ಹಸ್ತಪ್ರತಿಯಲ್ಲಿ, ತೆಗೆದುಹಾಕಿದ ಪದಗಳನ್ನು ಗೆರೆಗಳಿಂದ ಒಂದಕ್ಕೊಂದು ಹೆಣೆದು, ಅವುಗಳಿಂದ ಪಕ್ಷಿಗಳನ್ನೂ ವಿಚಿತ್ರ ಮೃಗಗಳನ್ನೂ ಎಬ್ಬಿಸಿದರು. ಅಲ್ಲಿಂದ ಮೊಳೆತ ಚಿತ್ರಕಲೆಯು 1930ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶಿತವಾಯಿತು. ಯೆನ್‌ನ ಕರಡಿನಲ್ಲಿ ಹೊಡೆದ ಗೆರೆಯ ಕೆಳಗೆ ಪದವು ಇನ್ನೂ ಕಾಣುತ್ತದೆ. ಠಾಕೂರರ ಗೆರೆಯಾದರೋ ಪದವನ್ನು ಪೂರ್ತಿಯಾಗಿ ನುಂಗಿ ಅದರ ಜಾಗದಲ್ಲಿ ಬೇರೊಂದು ಜೀವಿಯನ್ನು ಕೂರಿಸುತ್ತದೆ. ಅದು ಕಾವಲು, ಆದರೆ ಅಂಥ ಕಾವಲಿನಲ್ಲಿಯೂ ಒಂದು ಸತ್ಯವಿದೆ. ಜೀವಮಾನವನ್ನೆಲ್ಲ ಮಾತಿನಲ್ಲಿ ಕಳೆದ ಆ ಕವಿ ತಮ್ಮ ಬಹುಪಾಲು ಚಿತ್ರಗಳಿಗೆ ಹೆಸರನ್ನೇ ಇಡಲಿಲ್ಲ. ಹೆಸರು ಚಿತ್ರಕ್ಕೆ ಏನು ಮಾಡಬಲ್ಲದೆಂಬುದನ್ನು ಮಾತಿನ ಒಡೆಯನಾದವನು ಚೆನ್ನಾಗಿ ಬಲ್ಲನೆಂದು ನಾವು ಇದರಿಂದ ಊಹಿಸಬಹುದು.

4

ಬಣ್ಣ ಮತ್ತು ಬರಹವೆರಡನ್ನೂ ಬುದ್ಧಿಪೂರ್ವಕವಾಗಿ ಒಂದೇ ಹಾಳೆಯಲ್ಲಿ ಕೂಡಿಸಿದ ಆಧುನಿಕರ ಪೈಕಿ ಪಾಲ್ ಕ್ಲೇ ಪ್ರಮುಖನು. 1918ರಲ್ಲಿ, ಜರ್ಮನ್ ಸೈನ್ಯದ ಸೇವೆಯಲ್ಲಿದ್ದಾಗ, ಇರುಳಿನ ಬೂದಿನಿಂದ ಮೇಲೆದ್ದು ಬರುವುದನ್ನು ಕುರಿತ ಒಂದು ಕವಿತೆಯನ್ನು ಅವನು ಜಲವರ್ಣದಲ್ಲಿ ಚಿತ್ರಿಸಿದನು. ಕವಿತೆಯ ಪ್ರತಿಯೊಂದು ಅಕ್ಷರವೂ ಒಂದೊಂದು ಚೌಕದಲ್ಲಿ ಕುಳಿತಿದೆ. ಅಕ್ಷರದ ಗೆರೆಗಳು ಚೌಕವನ್ನು ಒಡೆದ ತುಣುಕುಗಳಿಗೆ ಬೇರೆ ಬೇರೆ ಬಣ್ಣಗಳು ತುಂಬಿವೆ. ಮೇಲ್ಗಡೆ ಅದೇ ಕವಿತೆಯನ್ನು ಸ್ಪಷ್ಟವಾದ ಕೈಬರಹದಲ್ಲಿ ಕೊಟ್ಟಿದೆ. ಮೇಲಿನದನ್ನು ಸುಲಭವಾಗಿ ಓದಬಹುದು. ಕೆಳಗಿನದನ್ನು ಓದುವಾಗ ಕಣ್ಣು ಮೆಲ್ಲಗಾಗುತ್ತದೆ, ಅಕ್ಷರಕ್ಕಿಂತ ಮೊದಲು ಬಣ್ಣ ಎದುರಾಗುತ್ತದೆ. ಓದುವ ವೇಗವನ್ನು ತಗ್ಗಿಸುವುದೇ ಇಲ್ಲಿ ಬಣ್ಣದ ಕೆಲಸ. ಭಾವವು ಒಮ್ಮೆಗೇ ಕೈಗೆ ಸಿಕ್ಕದೆ ಅಕ್ಷರ ಅಕ್ಷರವಾಗಿ ಬೆಳಕಿಗೆ ಬರುತ್ತದೆ. ‘ನೋವು’ ಎಂಬ ಚಿತ್ರದಲ್ಲಿ ಆಗದೆ ಹೋದದ್ದು ಇದೇ.

ನಮಗೆ ಸಮೀಪದ ನಿದರ್ಶನ ಕೆ. ಸಿ. ಎಸ್. ಪಣಿಕ್ಕರ್ ಅವರದು. 1911ರಲ್ಲಿ ಕೊಯಮತ್ತೂರಿನಲ್ಲಿ ಹುಟ್ಟಿದ ಪಣಿಕ್ಕರ್ 1957ರಿಂದ ಮದರಾಸಿನ ಸರಕಾರಿ ಕಲಾಶಾಲೆಯ ಪ್ರಾಂಶುಪಾಲರಾಗಿದ್ದರು, 1966ರಲ್ಲಿ ಚೋಳಮಂಡಲ ಕಲಾವಿದರ ಗ್ರಾಮದ ಸ್ಥಾಪನೆಗೆ ಮುಂದಾಳಾಗಿದ್ದರು, 1977ರಲ್ಲಿ ನಿಧನರಾದರು. 1963ರಲ್ಲಿ ಅವರು ಆರಂಭಿಸಿದ ‘ಪದಗಳು ಮತ್ತು ಸಂಕೇತಗಳು’ ಎಂಬ ಮಾಲಿಕೆಯಲ್ಲಿ ಮಲಯಾಳ ಅಕ್ಷರಗಳನ್ನು ಹೋಲುವ ಸಣ್ಣ ಬರಹದ ಸಾಲುಗಳು, ಅಂಕೆಗಳು, ಜಾತಕದ ಮನೆಗಳಂಥ ಚೌಕಗಳು, ಮೀನು ಹಕ್ಕಿಗಳ ಗುರುತುಗಳು ತಿಳಿಯಾದ ಹಿನ್ನೆಲೆಯ ಮೇಲೆ ಹರಡಿವೆ; ಮುಂದಿನ ಚಿತ್ರಗಳಲ್ಲಿ ಬಣ್ಣವು ದಟ್ಟವಾಗುತ್ತದೆ. ವಿದ್ಯಾರ್ಥಿಯೊಬ್ಬನ ಲೆಕ್ಕದ ಪುಸ್ತಕದ ಹಾಳೆಯೇ ಈ ಮಾಲಿಕೆಗೆ ಪ್ರೇರಣೆಯಾಯಿತೆಂದು ಹೇಳುವುದುಂಟು. ಈ ಬರಹವನ್ನು ಓದಿದರೆ ಅರ್ಥ ಹೊರಡುವುದಿಲ್ಲ. ಅರ್ಥ ಹೊರಡಬಾರದೆಂಬುದೇ ಚಿತ್ರಕಾರರ ಉದ್ದೇಶವಾಗಿತ್ತು.

ಓದಲು ಬಾರದ ಬರಹ ಹೃದಯವನ್ನು ತೆರೆಯುವುದೆಂತು ಎಂಬ ಶಂಕೆ ಇಲ್ಲಿ ಸಹಜ. ಶಾಸನವಿದ್ಯಾರ್ಥಿಯ ಅನುಭವದಿಂದ ಇದಕ್ಕೆ ಸಮಾಧಾನ ಹೇಳಬಹುದು. ಹಳಗನ್ನಡ ಲಿಪಿಯ ಕಲ್ಲಿನ ಮುಂದೆ ಮೊದಲ ಸಲ ನಿಂತ ವಿದ್ಯಾರ್ಥಿಗೆ ಒಂದು ಅಕ್ಷರವೂ ಹತ್ತುವುದಿಲ್ಲ. ಆದರೂ ಯಾರೋ ಯಾರಿಗೋ ಏನನ್ನೋ ಹೇಳಬೇಕೆಂದು ಇಷ್ಟು ಶ್ರಮಪಟ್ಟಿದ್ದಾರೆಂಬ ಅರಿವು ಅವನಿಗೆ ಆಗುತ್ತದೆ. ಆ ಅರಿವು ಪಾಠಾಂತರಗಳ ಚರ್ಚೆಗಿಂತ ಹಿರಿದು. ಪಣಿಕ್ಕರರ ಉತ್ತಮ ಚಿತ್ರಗಳಲ್ಲಿ ಕಾಣುವುದು ಇಂಥ ಭಾವ. ಅಲ್ಲಿ ಒಬ್ಬ ವ್ಯಕ್ತಿಯ ಖಾಸಗಿ ದುಃಖವಿಲ್ಲ. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ, ತನಗೆ ಓದಲಾಗದ ಓಲೆಗಳ ಮುಂದೆ ಮೊಮ್ಮಗನು ಪಡುವ ಆರ್ದ್ರತೆಯಿದೆ.

ಅದೇ ಮಾಲಿಕೆಯ ಮಿತಿಯನ್ನೂ ಹೇಳತಕ್ಕದ್ದು ವಿಮರ್ಶಕನ ಕರ್ತವ್ಯ. ಒಂದೇ ಬಗೆಯ ಅಕ್ಷರಗಳು ಚಿತ್ರದಿಂದ ಚಿತ್ರಕ್ಕೆ ಮರಳಿ ಮರಳಿ ಬಂದಾಗ ಕೈಯ ನಡುಕವು ಕೈಯ ಚಾತುರ್ಯವಾಗಿ ಮಾರ್ಪಡುತ್ತದೆ. ಸಾಲುಗಳು ಸಮನಾಗುತ್ತವೆ; ಬರಹವು ಬಟ್ಟೆಯ ಮೇಲಿನ ಅಚ್ಚಿನಂತೆ ಹಿನ್ನೆಲೆಗೆ ಸೇರಿಹೋಗುತ್ತದೆ. ಅಂಥ ಚಿತ್ರಗಳು ಕಣ್ಣಿಗೆ ಹಿತವಾಗಿವೆ. ಆದರೆ ಅಲ್ಲಿ ವೇಪಥು ಅಲಂಕಾರವಾಗಿ ಉಳಿದಿದೆ. ಮುಂದೆ ಈ ದಾರಿಯನ್ನು ಹಿಡಿಯುವವರೆಲ್ಲರಿಗೂ ಕಾದಿರುವ ಅಪಾಯವಿದು. ಅರ್ಥವನ್ನು ಹೇಳಿಬಿಡುವುದು ಒಂದು ದೋಷವಾದರೆ, ಅರ್ಥವೂ ನಡುಕವೂ ಎರಡೂ ಇಲ್ಲದ ಅಂದದ ಬರಹ ಇನ್ನೊಂದು ದೋಷ.

5

ಇನ್ನು ಕನ್ನಡದ ಮಾತು. ನಮ್ಮ ನಾಡಿನಲ್ಲಿ ಬಣ್ಣವೂ ಬರಹವೂ ಒಂದೇ ಎಡೆಯಲ್ಲಿ ವಾಸಿಸಿರುವುದು ಹೊಸದೇನಲ್ಲ. ಸಾಲಹಳ್ಳಿಯಿಂದ ದೂರವಿಲ್ಲದ ಬಾದಾಮಿಯ ಮೂರನೆಯ ಗುಹೆಯಲ್ಲಿ 578ರ ಮಂಗಲೇಶನ ಸಂಸ್ಕೃತ ಶಾಸನವಿದೆ, ಅವನದೇ ಕನ್ನಡ ಶಾಸನವೂ ಇದೆ. ಅದೇ ಗುಹೆಯ ಮೇಲ್ಭಾಗದಲ್ಲಿ ಪ್ರಾಚೀನ ವರ್ಣಚಿತ್ರಗಳ ಅವಶೇಷಗಳಿವೆ. ಮೂಡಬಿದಿರೆಯಲ್ಲಿ ರಕ್ಷಿತವಾಗಿರುವ ಧವಲಾ ಮೊದಲಾದ ತಾಡವೋಲೆಗಳಲ್ಲಿ, 12ನೆಯ ಶತಮಾನದ ಆರಂಭದಷ್ಟು ಹಿಂದೆಯೇ, ಹಳಗನ್ನಡ ಲಿಪಿಯಲ್ಲಿ ಬರೆದ ಪ್ರಾಕೃತ ಗ್ರಂಥದ ಪಕ್ಕದಲ್ಲಿ ಬಣ್ಣದ ಚಿತ್ರಗಳನ್ನು ರಚಿಸಿದ್ದಾರೆ. ಗ್ರಂಥದ ವಿಷಯ ಕರ್ಮಸಿದ್ಧಾಂತದ ಸೂಕ್ಷ್ಮ ವಿವೇಚನೆ. ಚಿತ್ರಗಳಲ್ಲಿರುವವರು ಜಿನರು, ಯಕ್ಷಯಕ್ಷಿಯರು, ಭಕ್ತರು. ಚಿತ್ರವು ಗ್ರಂಥವನ್ನು ವಿವರಿಸುವುದಿಲ್ಲ, ಗ್ರಂಥವು ಚಿತ್ರವನ್ನು ಹೆಸರಿಸುವುದಿಲ್ಲ. ಎರಡೂ ಒಂದೇ ಓಲೆಯ ಮೇಲೆ ನೆರೆಯವರಂತೆ ಇವೆ. ಒಂದು ಇನ್ನೊಂದರ ಚೀಟಿಯಾಗದೆ ಇರಬಲ್ಲುದೆಂಬುದಕ್ಕೆ ನಮ್ಮಲ್ಲಿಯೇ ಇಷ್ಟು ಹಳೆಯ ಆಧಾರವಿದೆ.

ಓಲೆಯ ಬರವಣಿಗೆಯ ಕ್ರಮವೂ ಚಿತ್ರಕಾರನು ಗಮನಿಸಬೇಕಾದುದು. ಸಾಮಾನ್ಯವಾಗಿ ಓಲೆಯ ಮೇಲೆ ಕಂಟದಿಂದ ಅಕ್ಷರವನ್ನು ಮೊದಲು ಕೊರೆಯುತ್ತಿದ್ದರು. ಕೊರೆದಾಗ ಅದು ಕಾಣುವುದಿಲ್ಲ. ಆಮೇಲೆ ಕಾಡಿಗೆಯನ್ನು ತೀಡಿ ಒರೆಸಿದಾಗ ಕೊರೆದ ಗಾಯದಲ್ಲಿ ಕಪ್ಪು ನಿಂತು ಅಕ್ಷರ ಎದ್ದು ಬರುತ್ತದೆ. ಬರಹ ಮೊದಲು, ಬಣ್ಣ ಅನಂತರ. ಬಣ್ಣವು ಬರಹದ ಗಾಯವನ್ನು ತುಂಬುತ್ತದೆ. ನೇರ ಗೆರೆ ಓಲೆಯನ್ನು ಸೀಳುವುದರಿಂದ ನಮ್ಮ ಅಕ್ಷರಗಳು ದುಂಡಗಾದವೆಂದು ಲಿಪಿತಜ್ಞರು ಹೇಳುವುದುಂಟು. ತಲೆಕಟ್ಟಿನಿಂದ ಹೊರಟು ಬಳಸಿ ಬರುವ ಗೆರೆ, ಸಾಲಿನ ಕೆಳಗೆ ಇಳಿದು ಕೂರುವ ಒತ್ತಕ್ಷರ, ಮೇಲೇರುವ ಗುಡಿಸು, ಬಲಕ್ಕೆ ಚಾಚುವ ದೀರ್ಘ ಇವೆಲ್ಲ ಕೈಯ ಚಲನೆಗೆ ಒದಗಿಸುವ ಅವಕಾಶ ದೊಡ್ಡದು. ಕನ್ನಡದ ಸಾಲು ಒಂದೇ ಗೆರೆಯ ಮೇಲೆ ನಡೆಯುವುದಿಲ್ಲ. ಮೇಲೂ ಕೆಳಗೂ ಉಸಿರಾಡುತ್ತದೆ.

ಹೀಗಿದ್ದರೂ ನಮ್ಮ ಆಧುನಿಕ ಚಿತ್ರಕಾರರಲ್ಲಿ ಹಿರಿಯರಾದವರು ಸಾಹಿತ್ಯಸಂಗೀತಗಳೊಡನೆ ಬೆಳೆಸಿದ ಸಂಬಂಧ ಬಹುಮಟ್ಟಿಗೆ ಬೇರೆ ಬಗೆಯದು. ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು (1911–1996) ಹಾಡು ಕುಣಿತಗಳ ಲಯವನ್ನು ರೇಖೆಗೆ ಇಳಿಸಿದರು. ಅವರ ರೇಖೆ ಬರೆಯುವ ಕೈಯ ವೇಗವನ್ನು ಪಡೆದಿದೆ, ಆದರೆ ಅದು ಅಕ್ಷರವಾಗುವುದಿಲ್ಲ. 1941ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಸ್. ಜಿ. ವಾಸುದೇವ್ ಮದರಾಸಿನಲ್ಲಿ ಪಣಿಕ್ಕರರ ಶಿಷ್ಯರು, ಚೋಳಮಂಡಲದ ಸ್ಥಾಪಕ ಸದಸ್ಯರಲ್ಲೊಬ್ಬರು. ಗುರುವಿನ ಮಾಲಿಕೆಯನ್ನು ಹತ್ತಿರದಿಂದ ಕಂಡ ಅವರು ಅಕ್ಷರವನ್ನು ಎತ್ತಿಕೊಳ್ಳದೆ ವೃಕ್ಷವನ್ನು ಎತ್ತಿಕೊಂಡರು. ಆದರೂ ‘ವೃಕ್ಷ’ ಮಾಲಿಕೆಯಲ್ಲಿ ಕಿಕ್ಕಿರಿದ ಸಣ್ಣ ಗೀರುಗಳನ್ನು ನೋಡಿದಾಗ ಓಲೆಯ ಮೇಲೆ ಆಡಿದ ಕಂಟದ ನೆನಪಾಗದೆ ಇರದು. ಎ. ಕೆ. ರಾಮಾನುಜನ್ (1929–1993) ಅವರ ಕವಿತೆಗಳಿಗೆ ಸ್ಪಂದಿಸಿ ವಾಸುದೇವರು ರಚಿಸಿದ ರೇಖಾಚಿತ್ರಗಳೂ ಇದೇ ಸ್ವಭಾವದವು: ಕವಿತೆಯು ಚಿತ್ರದೊಳಗೆ ಬಂದಾಗ ತನ್ನ ಮಾತನ್ನು ಬಾಗಿಲ ಹೊರಗೆ ಬಿಟ್ಟು, ಗೆರೆಯ ಉದ್ವೇಗವನ್ನಷ್ಟೇ ಒಳಗೆ ತಂದಿದೆ.

ಇದನ್ನು ಕೊರತೆಯೆಂದು ನಾವು ಹೇಳುವುದಿಲ್ಲ. ಸ್ವಶಬ್ದವಾಚ್ಯತೆಯಿಂದ ದೂರವುಳಿದ ಸಂಯಮವೆಂದೇ ಹೇಳುತ್ತೇವೆ. ಆದರೆ ಕನ್ನಡ ಕೈಬರಹಕ್ಕೆ ಅಮೂರ್ತ ಚಿತ್ರದಲ್ಲಿ ಇನ್ನೂ ವಿಸ್ತಾರವಾದ ಜಾಗ ಉಳಿದಿದೆ. ಅದನ್ನು ಪ್ರವೇಶಿಸುವ ಕಾಲ ಇದು ಎನ್ನಲು ಒಂದು ವಿಶೇಷ ಕಾರಣವೂ ಉಂಟು. ಇಂದಿನ ವಿದ್ಯಾರ್ಥಿಯು ಕನ್ನಡವನ್ನು ಹೆಚ್ಚಾಗಿ ಮೊಬೈಲಿನ ಮೇಲೆ ಬೆರಳೊತ್ತಿ ಬರೆಯುತ್ತಾನೆ. ಅಲ್ಲಿ ಸಂತೋಷದ ‘ಅ’ಕಾರಕ್ಕೂ ಶೋಕದ ‘ಅ’ಕಾರಕ್ಕೂ ಭೇದವಿಲ್ಲ, ತಪ್ಪನ್ನು ಅಳಿಸಿದರೆ ಅಳಿಸಿದ ಗುರುತೂ ಉಳಿಯುವುದಿಲ್ಲ. ಪರೀಕ್ಷೆಯ ಉತ್ತರಪತ್ರಿಕೆಯನ್ನು ಬಿಟ್ಟರೆ ಅವನ ಕೈಬರಹವನ್ನು ನಾವು ಬೇರೆಲ್ಲಿಯೂ ಕಾಣುವುದಿಲ್ಲವೆಂದರೆ ಅತಿಶಯೋಕ್ತಿಯಾಗದು. ತಾಯಿಗೆ ಬರೆದ ಕಾಗದದಲ್ಲಿ ಅಕ್ಷರ ಸೊಟ್ಟಗಾದುದನ್ನು ನೋಡಿ ಮಗನ ಸ್ಥಿತಿಯನ್ನು ತಿಳಿಯುವ ವಿದ್ಯೆ ಒಂದು ತಲೆಮಾರಿನಲ್ಲಿ ನಮ್ಮ ಮನೆಗಳಿಂದ ಜಾರಿಹೋಗುತ್ತಿದೆ. ಆ ವಿದ್ಯೆ ಉಳಿಯಬಹುದಾದ ಕೆಲವೇ ಸ್ಥಳಗಳಲ್ಲಿ ಚಿತ್ರಪಟವೂ ಒಂದು.

6

ಇಷ್ಟರ ಮೇಲೆ, ಇಂಥ ಚಿತ್ರವನ್ನು ಬರೆಯುವ ಮತ್ತು ನೋಡುವ ವಿದ್ಯಾರ್ಥಿಗಳ ಉಪಯೋಗಕ್ಕಾಗಿ ಮೂರು ಪರೀಕ್ಷೆಗಳನ್ನು ಸೂಚಿಸಬಯಸುತ್ತೇವೆ. ಮೊದಲನೆಯದು: ಬರೆದ ಪದವನ್ನು ಮನಸ್ಸಿನಲ್ಲಿಯೇ ಅಳಿಸಿ ನೋಡಬೇಕು, ಬಣ್ಣವು ಆಗಲೂ ಭಾವವನ್ನು ಹೊತ್ತು ನಿಂತರೆ ಪದವು ಅದರ ಊರುಗೋಲಲ್ಲವೆಂದು ತಿಳಿಯಬಹುದು. ಎರಡನೆಯದು: ಅದೇ ಪದವನ್ನು ಮುದ್ರಣದ ಅಚ್ಚಿನಲ್ಲಿ ಇರಿಸಿದಂತೆ ಕಲ್ಪಿಸಿಕೊಳ್ಳಬೇಕು, ಏನೂ ನಷ್ಟವಾಗದಿದ್ದರೆ ಕೈಬರಹಕ್ಕೆ ಅಲ್ಲಿ ಕೆಲಸವಿರಲಿಲ್ಲ. ಮೂರನೆಯದು: ಆ ಭಾಷೆ ಬಾರದವನನ್ನು ಚಿತ್ರದ ಮುಂದೆ ನಿಲ್ಲಿಸಬೇಕು, ಅವನಿಗೂ ಏನಾದರೂ ತಲುಪಿದರೆ ಅದು ವಾಚ್ಯದಿಂದ ಬಂದುದಲ್ಲ. ‘ನೋವು’ ಎಂದು ಬರೆದ ಚಿತ್ರ ಈ ಮೂರರಲ್ಲಿಯೂ ಸೋಲುತ್ತದೆ. ಯೆನ್‌ನ ಕರಡು ಎರಡನೆಯದರಲ್ಲಿಯೂ ಮೂರನೆಯದರಲ್ಲಿಯೂ ನಿಸ್ಸಂಶಯವಾಗಿ ಗೆಲ್ಲುತ್ತದೆ. ಬಣ್ಣದ ಪಟವಲ್ಲದ ಅದಕ್ಕೆ ಮೊದಲನೆಯದು ಅನ್ವಯಿಸದು.

ಇದಕ್ಕೆ ಒಂದು ಪ್ರತಿವಾದವನ್ನು ನಾವೇ ಎತ್ತಿಕೊಳ್ಳಬೇಕು. ಸಾಲಹಳ್ಳಿಯ ಗೋಡೆಯ ಮೇಲಿದ್ದುದು ಹೆಸರುಗಳೇ ಅಲ್ಲವೇ? ಹೆಸರಿಸುವುದು ದೋಷವಾದರೆ ಅದು ಅಲ್ಲಿ ಹೇಗೆ ಗುಣವಾಯಿತು? ಅಲ್ಲಿ ಹೆಸರಿಸಿದ್ದು ಮನುಷ್ಯರನ್ನು, ಭಾವವನ್ನಲ್ಲ ಎಂಬುದು ನಮ್ಮ ಉತ್ತರ. ರಸಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಆ ಎರಡು ಹೆಸರುಗಳು ಆಲಂಬನ ವಿಭಾವ. ಇಳಿಜಾರಾದ ಸಾಲು, ಬಿಟ್ಟುಹೋಗಿ ಸೇರಿದ ಒತ್ತಕ್ಷರ, ಮಾಸಿದ ಕಾವಿ ಇವು ಅನುಭಾವ. ಸ್ಥಾಯಿಯನ್ನು ಮಾತ್ರ ಯಾರೂ ಬರೆಯಲಿಲ್ಲ. ಅದನ್ನು ಬರೆಯದೆ ಬಿಟ್ಟ ಜಾಗದ ಸುತ್ತಲೂ ವರ್ಷವರ್ಷವೂ ಸುಣ್ಣ ಬಳಿದು ಬಂದಿದ್ದಾರೆ. ಮೊದಲ ಬರಹ ಒಬ್ಬನದು. ಬಿಳುಪಿನ ಪದರಗಳು ಮತ್ತೊಬ್ಬರವು. ನಮ್ಮ ಮೂರು ಪರೀಕ್ಷೆಗಳಿಗೂ ಆ ಗೋಡೆ ತಲೆಬಾಗಬೇಕಾಗಿಲ್ಲ. ಹೆಸರುಗಳನ್ನು ಅಳಿಸಿದರೂ ಸುಣ್ಣದ ಅಂಚು ಹೇಳುತ್ತದೆ. ಅಚ್ಚಿನಲ್ಲಿ ಇರಿಸಿದರೆ ಎಲ್ಲವೂ ಕೆಡುತ್ತದೆ. ಕನ್ನಡ ಬಾರದವನಿಗೂ ಕುಂಚ ಎಲ್ಲಿ ತಡೆದು ನಿಂತಿತೆಂಬುದು ಕಾಣುತ್ತದೆ.

ಶಾಸನದ ಅಚ್ಚನ್ನು ಕಾಗದದ ಮೇಲೆ ತೆಗೆಯುವಾಗ ನಾವು ಕಲ್ಲಿನ ಬಣ್ಣವನ್ನು ಬಿಟ್ಟು ಬರುತ್ತೇವೆ. ಅದನ್ನು ಮುದ್ರಿಸುವಾಗ ಕೆತ್ತಿದವನ ಕೈಯನ್ನೂ ಬಿಟ್ಟುಬಿಡುತ್ತೇವೆ. ಕೊನೆಗೆ ಉಳಿಯುವುದು ರಾಜನ ಹೆಸರು, ತಿಥಿ, ದತ್ತಿಯ ವಿವರ. ಇತಿಹಾಸಕ್ಕೆ ಇವು ಬೇಕು. ಇವಿಲ್ಲದೆ ನಮ್ಮ ಕೆಲಸ ನಡೆಯದು. ಆದರೆ ಸಾಲಹಳ್ಳಿಯಲ್ಲಿ ಇಸವಿಯನ್ನು ಕೇಳಿದ ನಾವು ಗೋಡೆಯನ್ನು ನೋಡಿರಲಿಲ್ಲ. ಅಮೂರ್ತ ಚಿತ್ರದ ಮುಂದೆ ‘ಇದರ ಅರ್ಥವೇನು’ ಎಂದು ಮೊದಲು ಕೇಳುವ ವಿದ್ಯಾರ್ಥಿಯನ್ನು ಗದರಿಸುವ ಹಕ್ಕು ನಮಗಿಲ್ಲ. ಆ ಅಭ್ಯಾಸವನ್ನು ಕಲಿಸಿದವರು ನಾವೇ. ಅವನ ಕೈಗೆ ಒಂದು ಕುಂಚವನ್ನೂ ಒಂದಿಷ್ಟು ಬಣ್ಣವನ್ನೂ ಕೊಟ್ಟು, ತನಗೆ ಬೇಕಾದವರ ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆಯಲು ಹೇಳೋಣ. ಬರೆದು ಮುಗಿದ ಮೇಲೆ ಆ ಹೆಸರನ್ನು ಓದುವ ಮುನ್ನ ಅದರ ಗೆರೆಗಳನ್ನು ಅವನೊಡನೆ ಕೂತು ನೋಡೋಣ. ಚಿತ್ರಕಲೆಯಲ್ಲಿ ಬಲ್ಲವರಾದ ಸಹೋದ್ಯೋಗಿಗಳು ಈ ಚರ್ಚೆಯನ್ನು ಮುಂದುವರಿಸುವರೆಂದು ನಂಬಿದ್ದೇವೆ.